ಟ್ರಿನಿಡಾಡ್‌ಗೆ ಹೋಗೋರು ಬೀಚ್ ಆಮೇಲೆ ನೋಡಿ, ಮೊದ್ಲು ರಾತ್ರಿ ಪ್ಯಾನ್ ಯಾರ್ಡ್‌ಗೆ ಹೋಗಿ

ಟೊರೊಂಟೊ_ಮೈಸೂರಿಗ

ಎಲ್ರಿಗೂ ನಮಸ್ಕಾರ. ಕೆರಿಬಿಯನ್ ಅಂದ ತಕ್ಷಣ ಎಲ್ರೂ ಕೇಳೋದು ಯಾವ ದ್ವೀಪದ ಬೀಚ್ ಚೆನ್ನಾಗಿದೆ, ಯಾವ ರೆಸಾರ್ಟ್ ಅಗ್ಗ ಅಂತ. ನಾನು ನನ್ನ ಹೆಂಡ್ತಿ ಕಾರ್ನಿವಲ್‌ಗೆ ಮುಂಚಿನ ಎರಡೂವರೆ ವಾರ ಟ್ರಿನಿಡಾಡಲ್ಲಿ ಇದ್ದು ಬಂದ್ವಿ, ಜೊತೆಲಿ ಕೆಲಸ ಮಾಡೋ ಗೆಳೆಯನ ಮನೆ ಚಗ್ವಾನಸ್ ಊರಿನ ಹತ್ರ, ಅವನೇ ಬನ್ನಿ ಅಂತ ಕರೆದಿದ್ದು. ಆ ದ್ವೀಪನ ಕಣ್ಣಿಗಿಂತ ಕಿವಿ ಮತ್ತೆ ನಾಲಿಗೆಯಿಂದ ತಿಳ್ಕೋಬೇಕು ಅಂತ ನನಗೆ ಬಲವಾಗಿ ಅನ್ನಿಸ್ತು, ಅದಕ್ಕೇ ಈ ಪೋಸ್ಟ್.

ಕಾರ್ನಿವಲ್ ಅಂದ್ರೆ ಗರಿ ಕಟ್ಕೊಂಡು ಕುಣಿಯೋ ಫೋಟೋ ಎಲ್ರೂ ನೋಡಿರ್ತೀರಿ. ಅದು ಕೊನೆಯ ಸೋಮವಾರ ಮಂಗಳವಾರ. ನಿಜವಾದ ಸೊಗಸು ಅದಕ್ಕೆ ಮುಂಚಿನ ವಾರಗಳಲ್ಲಿ ಇರುತ್ತೆ. ಪೋರ್ಟ್ ಆಫ್ ಸ್ಪೇನ್‌ನಲ್ಲಿ ಒಂದೊಂದು ಸ್ಟೀಲ್ ಬ್ಯಾಂಡಿಗೂ, ಅಂದ್ರೆ ಎಣ್ಣೆ ಪೀಪಾಯಿಯಿಂದ ಮಾಡಿದ ಪ್ಯಾನ್ ಅನ್ನೋ ವಾದ್ಯ ನುಡಿಸೋ ತಂಡಕ್ಕೂ, ಒಂದು ಅಂಗಳ ಇದೆ, ಪ್ಯಾನ್ ಯಾರ್ಡ್ ಅಂತಾರೆ, ರಾತ್ರಿ ಎಂಟಾದ್ಮೇಲೆ ಅಲ್ಲಿ ಪನೋರಮಾ ಅನ್ನೋ ಸ್ಟೀಲ್ ಬ್ಯಾಂಡ್ ಸ್ಪರ್ಧೆಗೆ ರಿಹರ್ಸಲ್ ಶುರು. ಯಾರು ಬೇಕಾದ್ರೂ ಹೋಗಿ ಕೂತು ಕೇಳಬಹುದು. ನಾವು ಮೊದಲ ರಾತ್ರಿ ಹೋದಾಗ ತಗಡಿನ ಚಪ್ಪರದ ಕೆಳಗೆ ಚಕ್ರ ಇರೋ ಕಬ್ಬಿಣದ ಚೌಕಟ್ಟುಗಳು, ಅದರ ಮೇಲೆ ಸಾಲಾಗಿ ಪ್ಯಾನ್‌ಗಳು, ಹತ್ತಿರ ಹತ್ತಿರ ನೂರು ಜನ. ಸ್ಕೂಲ್ ಯೂನಿಫಾರ್ಮ್ ಹುಡುಗಿ, ಅವಳ ಪಕ್ಕ ಬಿಳಿ ಕೂದಲಿನ ತಾತ, ಅವರ ಹಿಂದೆ ಆಫೀಸ್ ಶರ್ಟಿನ ತೋಳು ಮಡಚಿಕೊಂಡ ಒಬ್ಬರು. ಒಬ್ಬರ ಮುಂದೂ ನೊಟೇಶನ್ ಹಾಳೆ ಇಲ್ಲ, ಎಲ್ಲಾ ಬಾಯಿಪಾಠ. ಅರೇಂಜರ್ ಕೈ ಎತ್ತಿ ನಿಲ್ಲಿಸ್ತಾರೆ, ಒಂದು ಸಾಲನ್ನ ಟೆನರ್ ಪ್ಯಾನ್‌ನವರಿಗೆ ಮಾತ್ರ ನುಡಿಸೋಕೆ ಹೇಳ್ತಾರೆ, ಮತ್ತೆ ನಿಲ್ಲಿಸ್ತಾರೆ, ಮತ್ತೆ ಅದೇ ಸಾಲು. ಮುಕ್ಕಾಲು ಗಂಟೆ ಅದೊಂದೇ ಸಾಲು ಆಯ್ತು. ಆಮೇಲೆ ಎಲ್ಲಾ ನೂರು ಜನ ಒಟ್ಟಿಗೆ ಹೊಡೆದ್ರು ನೋಡಿ, ಬೇಸ್ ಪ್ಯಾನ್‌ನ ಸ್ವರ ನನಗೆ ಕಿವಿಗಿಂತ ಮೊದಲು ಹೊಟ್ಟೆಗೆ ಕೇಳಿಸ್ತು, ಕೂತಿದ್ದ ಬೆಂಚು ನಡುಗ್ತಿತ್ತು, ನನ್ನ ಹೆಂಡ್ತಿ ಕಣ್ಣಲ್ಲಿ ನೀರು. ಅವಳು ಹತ್ತು ವರ್ಷ ವೀಣೆ ಕಲಿತವಳು.

ಈ ವಾದ್ಯ ಹುಟ್ಟಿದ ಕಥೆ ಗೊತ್ತಿದ್ರೆ ಆ ಸದ್ದು ಬೇರೆ ಥರಾನೇ ಕೇಳುತ್ತೆ. ಗುಲಾಮಗಿರಿಯಿಂದ ಬಿಡುಗಡೆಯಾದ ಆಫ್ರಿಕನ್ ಜನರ ಮೆರವಣಿಗೆ ಮೇಲೆ 1881ರಲ್ಲಿ ಪೊಲೀಸರು ಬಿದ್ದು ದೊಡ್ಡ ಗಲಾಟೆ ಆಯ್ತು, ಅದಾಗಿ ಕೆಲವೇ ವರ್ಷದಲ್ಲಿ ಬ್ರಿಟಿಷರು ಬೀದಿಯಲ್ಲಿ ಚರ್ಮವಾದ್ಯ ಬಾರಿಸೋದನ್ನೇ ನಿಷೇಧ ಮಾಡಿದ್ರು. ಜನ ಬಿದಿರು ಕಡಿದು ನೆಲಕ್ಕೆ ಕುಟ್ಟಿ ತಾಳ ಹಾಕಿದ್ರು. 1930ರ ದಶಕದಲ್ಲಿ ಬಿದಿರು ಹೋಗಿ ಬಿಸ್ಕತ್ ಡಬ್ಬ, ಕಸದ ಡಬ್ಬಿ ಮುಚ್ಚಳ ಬಂತು, ಕೊನೆಗೆ ಎಣ್ಣೆ ಪೀಪಾಯಿ. ಪೀಪಾಯಿಯ ತಳ ಸುತ್ತಿಗೆಯಲ್ಲಿ ಬಡಿದು ಬಡಿದು ಬಾಣಲೆ ಥರ ಒಳಕ್ಕೆ ಇಳಿಸಿ, ಒಂದೊಂದು ಸ್ವರಕ್ಕೂ ಒಂದೊಂದು ಉಬ್ಬು ಎಬ್ಬಿಸ್ತಾರೆ. 1951ರಲ್ಲಿ ಲಂಡನ್ನಿಗೆ ಇವರ ತಂಡ ಹೋದಾಗ ಪೀಪಾಯಿಯಿಂದ ಇಂಥ ಸಂಗೀತಾನಾ ಅಂತ ಜನ ಬೆರಗಾದ್ರಂತೆ. 1963ರಿಂದ ಪನೋರಮಾ ಸ್ಪರ್ಧೆ ನಡೀತಿದೆ, 1992ರಲ್ಲಿ ರಾಷ್ಟ್ರೀಯ ವಾದ್ಯ ಅಂತ ಘೋಷಣೆ ಆಯ್ತು.

ಹೋಗಿ ಬಂದೋರು, ಹೋಗೋ ಪ್ಲಾನ್ ಇರೋರು ಬರೀರಿ. ಊಟದ ವಿಷಯ ಮುಂದೆ ಹೇಳ್ತೀನಿ.

ಹ್ಯೂಸ್ಟನ್_ಕನ್ನಡತಿ

ಓದ್ತಾ ಓದ್ತಾ ಮೈ ಜುಮ್ ಅಂತು. ಯಜಮಾನ್ರು ಗ್ಯಾಸ್ ಕಂಪನೀಲಿ ಇದ್ದಾಗ ನಾವು ಮೂರು ವರ್ಷ ಪೋರ್ಟ್ ಆಫ್ ಸ್ಪೇನಲ್ಲೇ ಇದ್ವಿ. ಒಂದು ಮಾತು ಸೇರಿಸ್ತೀನಿ, ಬ್ಯಾಂಡಿನ ಮಧ್ಯೆ ಡ್ರಮ್ ಸೆಟ್, ಕೊಂಗಾ, ಕಬ್ಬಿಣ ಬಾರಿಸೋರ ಒಂದು ಗುಂಪು ಇರುತ್ತಲ್ಲ, ಅದನ್ನ ಎಂಜಿನ್ ರೂಮ್ ಅಂತಾರೆ. ಆ ಕಬ್ಬಿಣ ಅಂದ್ರೆ ಹಳೇ ಕಾರಿನ ಬ್ರೇಕ್ ಡ್ರಮ್! ಸರಳು ತಗೊಂಡು ಅದರ ಮೇಲೆ ಹೊಡೀತಾರೆ. ಮುಂದಿನ ಸಲ ಹೋದ್ರೆ ಬೆಂಚ್ ಮೇಲೆ ಕೂರಬೇಡಿ, ಎಂಜಿನ್ ರೂಮ್ ಪಕ್ಕ ನಿಂತ್ಕೊಳ್ಳಿ.

ಆದ್ರೆ ಬೀಚ್ ಆಮೇಲೆ ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಮರಾಕಸ್ ಬೀಚ್‌ಗೆ ಹೋಗೋ ಘಾಟಿ ರಸ್ತೆ ನೋಡಿದ್ರಾ? ಎರಡನೇ ಮಹಾಯುದ್ಧದಲ್ಲಿ ಚಗ್ವಾರಾಮಸ್ ಕಡೆ ಕರಾವಳಿ ಎಲ್ಲಾ ಅಮೆರಿಕದ ಸೈನ್ಯ ತಗೊಂಡುಬಿಡ್ತು, ಊರ ಜನಕ್ಕೆ ಸ್ನಾನಕ್ಕೆ ಬೀಚೇ ಇಲ್ಲದ ಹಾಗಾಯ್ತು, ಅದಕ್ಕೆ ಬದಲಾಗಿ ಅವರೇ ಬೆಟ್ಟ ಕೊರೆದು ಮಾಡಿಕೊಟ್ಟ ರಸ್ತೆ ಅದು. ಒಂದು ಪಕ್ಕ ಮಂಜು ಕೂತ ಕಾಡು, ಇನ್ನೊಂದು ಪಕ್ಕ ಕೆಳಗೆ ಸಮುದ್ರ, ಆಗುಂಬೆ ಘಾಟಿಯ ಬುಡಕ್ಕೇ ಸಮುದ್ರ ಬಂದು ನಿಂತ ಹಾಗೆ. ವ್ಯೂಪಾಯಿಂಟಲ್ಲಿ ಗಾಡಿ ನಿಲ್ಲಿಸಿ ಅನಾನಸ್ ಚೌ ತಿನ್ನಬೇಕು. ಹಣ್ಣಿನ ಹೋಳಿಗೆ ಉಪ್ಪು, ಬೆಳ್ಳುಳ್ಳಿ, ಖಾರದ ಮೆಣಸು, ಶ್ಯಾಡೋ ಬೆನಿ ಅನ್ನೋ ಸೊಪ್ಪು ಹಾಕಿ ಕಲಸಿರ್ತಾರೆ. ಉದ್ದ ಎಲೆ, ಅಂಚಲ್ಲಿ ಸಣ್ಣ ಮುಳ್ಳು, ವಾಸನೆ ಮಾತ್ರ ಕೊತ್ತಂಬರಿಗಿಂತ ಎರಡು ಪಟ್ಟು ಜೋರು. ಬೆಳ್ಳುಳ್ಳಿ ಹಾಕಿದ ಅನಾನಸ್ ಅಂದ್ರೆ ಕೇಳೋಕೆ ವಿಚಿತ್ರ ಅನ್ಸುತ್ತೆ, ಒಂದು ಸಲ ತಿಂದ್ರೆ ಬಿಡಲ್ಲ.

ಟೊರೊಂಟೊ_ಮೈಸೂರಿಗ

ಹೌದು ಮೇಡಂ, ರಸ್ತೆ ಬಗ್ಗೆ ನೀವು ಹೇಳಿದ್ದು ಸರಿ. ನಾವು ಹೋದಾಗ ಬೆಟ್ಟದ ಮೇಲೆಲ್ಲಾ ಕಿತ್ತಳೆ ಬಣ್ಣದ ಹೂ ಬಿಟ್ಟು ಎಲೆಯೇ ಕಾಣ್ತಿರಲಿಲ್ಲ. ಇಮಾರ್ಟೆಲ್ ಅಂತ ಮರದ ಹೆಸರು. ನಮ್ಮ ಹಾಲುವಾಣದ ಜಾತಿಯೇ ಅಂತ ಆಮೇಲೆ ಗೊತ್ತಾಯ್ತು, ಕೊಡಗಲ್ಲಿ ಕಾಫಿಗೆ ನೆರಳು ಕೊಡೋ ಹಾಗೆ ಅಲ್ಲಿ ಕೋಕೋ ತೋಟಕ್ಕೆ ನೆರಳು ಮರ.

ಪುತ್ತೂರು_ತೋಟದವ

ಕೋಕೋ ಅಂದದ್ದೇ ತಡ ನಾನು ಬಂದೆ ಮಾರಾಯ್ರೆ. ನಮ್ಮಲ್ಲಿ ಅಡಿಕೆಯ ಎಡೆಯಲ್ಲಿ ಕೋಕೋ ಉಂಟು, ಹಣ್ಣು ಒಡೆದು ಹಸಿ ಬೀಜ ಕ್ಯಾಂಪ್ಕೋಗೆ ಕೊಡುದು. ಕೋಕೋ ಜಾತಿಯಲ್ಲಿ ಟ್ರಿನಿಟಾರಿಯೋ ಅಂತ ಒಂದುಂಟಲ್ಲಾ, ಅದರ ಹೆಸರೇ ಟ್ರಿನಿಡಾಡಿಂದ ಬಂದದ್ದು. ಅಲ್ಲಿ 1727ರಲ್ಲಿ ಹಳೇ ಕ್ರಿಯೊಲ್ಲೊ ತೋಟಗಳೆಲ್ಲಾ ಹಾಳಾಗಿ ಹೋದವು, ಆಮೇಲೆ ಬೇರೆ ಜಾತಿಯ ಗಿಡ ತಂದು ನೆಟ್ಟರು, ಉಳಿದ ಹಳೆಯದರ ಜೊತೆ ಅದು ಬೆರೆತು ಹುಟ್ಟಿದ್ದು ಇದು. ಈಗಲೂ ಅಲ್ಲಿಯ ಯೂನಿವರ್ಸಿಟಿಯವರು ಜಗತ್ತಿನ ಬೇರೆ ಬೇರೆ ಕೋಕೋ ತಳಿಗಳನ್ನು ಒಂದು ದೊಡ್ಡ ತೋಟದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿ ಬೀಜ ಒಣಗಿಸುವ ಮನೆಗೆ ಹಳಿಯ ಮೇಲೆ ಸರಿಯುವ ಮಾಡು ಅಂತೆ, ಮಳೆ ಬಂದ ಕೂಡ್ಲೇ ಎಳೆದು ಮುಚ್ಚುದು. ನೀವು ನೋಡಿದ್ರಾ? ಮಳೆಗೆ ಅಡಿಕೆ ಅಂಗಳದಿಂದ ಗುಡಿಸಿ ಗುಡಿಸಿ ನಮ್ಮ ಸೊಂಟ ಹೋಗಿದೆ, ಅದಕ್ಕೆ ಕೇಳಿದ್ದು.

ಟೊರೊಂಟೊ_ಮೈಸೂರಿಗ

ನೋಡಿದೆ ಸಾರ್. ಲೋಪಿನೋ ಕಣಿವೆ ಕಡೆ ಹಳೇದೊಂದು ತೋಟದಲ್ಲಿ. ಕೆಳಗೆ ಮರದ ಅಟ್ಟ, ಅದರ ಮೇಲೆ ಬೀಜ ಹರವಿರ್ತಾರೆ, ಮಾಡು ಎರಡು ಭಾಗ ಆಗಿ ಆ ಕಡೆ ಈ ಕಡೆ ಸರಿಯುತ್ತೆ, ಒಬ್ಬರೇ ತಳ್ಳಬಹುದು. ಹಿಂದೆ ಆ ಅಟ್ಟದ ಮೇಲೆ ಬರಿಗಾಲಲ್ಲಿ ಬೀಜ ತುಳಿದು ಕುಣಿದು ಹೊಳಪು ಬರಿಸ್ತಿದ್ರಂತೆ, ಅದಕ್ಕೆ ಕೋಕೋ ಡ್ಯಾನ್ಸ್ ಅಂತಲೇ ಹೆಸರು. ಆ ಕಣಿವೆ ಪರಾಂಗ್ ಹಾಡಿಗೂ ಹೆಸರುವಾಸಿ, ವೆನೆಜುವೆಲಾ ಕಡೆಯಿಂದ ಬಂದ ಸ್ಪ್ಯಾನಿಷ್ ಹಾಡು, ಕ್ರಿಸ್‌ಮಸ್ ಹೊತ್ತಲ್ಲಿ ನಾಲ್ಕು ತಂತಿಯ ಕ್ವಾತ್ರೊ ಹಿಡ್ಕೊಂಡು ಮನೆಮನೆಗೆ ಹೋಗಿ ಹಾಡ್ತಾರೆ. ನಾವು ಹೋದಾಗ ಅದರ ಸೀಸನ್ ಮುಗಿದಿತ್ತು.

ಈಗ ಊಟ. ಬೆಳಿಗ್ಗೆ ಆರೂವರೆಗೆ ರಸ್ತೆ ಬದಿ ಡಬಲ್ಸ್. ಮೈದಾ ಅರಿಶಿನ ಹಾಕಿ ಹುದುಗು ಬರಿಸಿದ ಹಿಟ್ಟನ್ನ ಅಂಗೈಯಲ್ಲೇ ತಟ್ಟಿ ಕರಿದ ಮೆತ್ತಗಿನ ಎರಡು ಬಾರಾ, ಮೇಲೆ ನೀರಾಗಿ ಬೇಯಿಸಿದ ಕಡಲೆ ಪಲ್ಯ, ಹುಣಸೆ ಚಟ್ನಿ, ಸೌತೆಕಾಯಿ ತುರಿ, ಕುಚೇಲಾ ಅನ್ನೋ ಮಾವಿನಕಾಯಿ ಉಪ್ಪಿನಕಾಯಿ. ಮಾರೋರು ಬಟ್ಟೆ ಹಾಸಿದ ಮರದ ಪೆಟ್ಟಿಗೆ ಮುಚ್ಚಳ ತೆಗೀತಾರೆ, ಹಬೆ ಬರುತ್ತೆ, ಕಾಗದದ ಮೇಲೆ ಬಾರಾ ಬೀಳೋದು ಕಡಲೆ ಬೀಳೋದು ಕಾಗದ ತಿರುವಿ ಮುಚ್ಚೋದು ಎಲ್ಲಾ ನಾಲ್ಕೈದು ಸೆಕೆಂಡಲ್ಲಿ ಮುಗೀತು. ಪೆಪ್ಪರ್ ಎಷ್ಟು ಅಂತ ಕೇಳ್ತಾರೆ, ಮೊದಲ ಸಲ ಸ್ಲೈಟ್ ಅಂತ ಹೇಳಿ ಸಾಕು, ಜಗತ್ತಿನ ಅತಿ ಖಾರದ ಮೆಣಸುಗಳಲ್ಲಿ ಒಂದಾದ ಮೊರುಗಾ ಸ್ಕಾರ್ಪಿಯನ್ ಹುಟ್ಟಿದ ನಾಡು ಅದು. ತಟ್ಟೆ ಇಲ್ಲ, ಚಮಚ ಇಲ್ಲ, ನಿಂತ್ಕೊಂಡೇ ತಿನ್ನೋದು. ಪಕ್ಕದಲ್ಲಿ ಪೊಲೀಸ್ ಪೇದೆ, ಸೂಟು ಹಾಕಿರೋ ಲಾಯರು, ಗಾರೆ ಕೆಲಸದವರು, ಆಫ್ರಿಕನ್ ಇಂಡಿಯನ್ ಚೈನೀಸ್ ಎಲ್ಲಾ ಮುಖ ಒಂದೇ ಗಾಡಿ ಮುಂದೆ. ಡಬಲ್ಸ್ ಹುಟ್ಟಿದ್ದು 1936ರಲ್ಲಿ ಪ್ರಿನ್ಸಸ್ ಟೌನಲ್ಲಿ, ಒಂದು ಇಂಡಿಯನ್ ಮನೆಯವರಿಂದ.

ಬಸವನಗುಡಿ_ಬಿಸಿಬೇಳೆ

ನಾವು ಪಕ್ಕಾ ವೆಜಿಟೇರಿಯನ್, ಮೊಟ್ಟೆನೂ ತಿನ್ನಲ್ಲ. ಕೆರಿಬಿಯನ್ ಅಂದ್ರೆ ಬರೀ ಮೀನು ಏಡಿ ಅಂತ ಹೆದರಿ ಎರಡು ಸಲ ಟ್ರಿಪ್ ಕ್ಯಾನ್ಸಲ್ ಮಾಡಿದೀವಿ. ಡಬಲ್ಸ್ ಬಿಟ್ರೆ ಬೇರೆ ಏನು ಸಿಗುತ್ತೆ, ಸ್ವಲ್ಪ ವಿವರವಾಗಿ ಹೇಳಿ ದಯವಿಟ್ಟು.

ಹ್ಯೂಸ್ಟನ್_ಕನ್ನಡತಿ

ಧೈರ್ಯವಾಗಿ ಹೋಗಿ. 1845ರ ಮೇ 30ಕ್ಕೆ ಫತೇಲ್ ರಜಾಕ್ ಅನ್ನೋ ಹಡಗಲ್ಲಿ ಮೊದಲ ಭಾರತೀಯ ಕೂಲಿಗಳು ಅಲ್ಲಿ ಇಳಿದ್ರು, 1917ರವರೆಗೂ ಬರ್ತಾನೇ ಇದ್ರು, ಬಹಳ ಜನ ಬಿಹಾರ ಯುಪಿ ಕಡೆಯವರು, ಸ್ವಲ್ಪ ಮದ್ರಾಸಿಂದ. ಕಬ್ಬಿನ ಗದ್ದೆ ಕೆಲಸಕ್ಕೆ ಅಂತ ಹೋದ ಆ ಜನರ ಅಡುಗೆ ಈಗ ಇಡೀ ದ್ವೀಪದ ಅಡುಗೆ ಆಗಿದೆ. ಬೆಳಿಗ್ಗೆ ಸಾದಾ ರೊಟ್ಟಿ ಜೊತೆ ಬೈಗನ್ ಚೋಕಾ, ಅಂದ್ರೆ ನಮ್ಮ ಸುಟ್ಟ ಬದನೆಕಾಯಿ ಗೊಜ್ಜೇ. ಮಧ್ಯಾಹ್ನ ರೊಟ್ಟಿ ಅಂಗಡೀಲಿ ದಾಲ್‌ಪುರಿ ಕೇಳಿ, ಒಳಗೆ ಹಳದಿ ಬೇಳೆ ಪುಡಿ ತುಂಬಿ ತೆಳ್ಳಗೆ ಲಟ್ಟಿಸಿರ್ತಾರೆ, ಬೆಲ್ಲ ಇಲ್ಲದ ಹೋಳಿಗೆ ಅಂದ್ಕೊಳ್ಳಿ. ಇಲ್ಲಾಂದ್ರೆ ಬಸ್ ಅಪ್ ಶಟ್, ಕಾವಲಿ ಮೇಲೇ ಪರೋಟ ಕುಟ್ಟಿ ಚಿಂದಿ ಮಾಡಿರ್ತಾರೆ, ಹರಿದ ಶರ್ಟಿನ ಥರ ಕಾಣುತ್ತೆ ಅಂತ ಆ ಹೆಸರು. ಜೊತೆಗೆ ಕುಂಬಳಕಾಯಿ, ಆಲೂ ಕಡಲೆ, ಬೋಡಿ ಅಂದ್ರೆ ಅಲಸಂದೆ ಕಾಯಿ, ಕರೈಲಿ ಅಂದ್ರೆ ಹಾಗಲಕಾಯಿ. ಒಂದು ಎಚ್ಚರಿಕೆ, ಕಾಲಾಲೂ ಅಂತ ಭಾನುವಾರದ ಸೊಪ್ಪಿನ ಸಾರು ಬರುತ್ತೆ, ಕೆಸುವಿನ ಸೊಪ್ಪು ಬೆಂಡೆಕಾಯಿ ತೆಂಗಿನಹಾಲು ಹಾಕಿ ಮಾಡಿದ್ದು, ನೋಡೋಕೆ ಪೂರ್ತಿ ವೆಜ್, ಆದ್ರೆ ಒಳಗೆ ಏಡಿ ಹಾಕಿರೋದು ಸಾಮಾನ್ಯ, ಕೇಳಿಯೇ ತಿನ್ನಿ. ಪೂಜೆ ಮದುವೆ ಮನೆಗೆ ಯಾರಾದ್ರೂ ಕರೆದ್ರೆ ತಪ್ಪಿಸ್ಕೋಬೇಡಿ, ಸೋಹಾರಿ ಅನ್ನೋ ಅಗಲ ಎಲೆ ಮೇಲೆ ಊಟ, ಪೂರ್ತಿ ಸಸ್ಯಾಹಾರ.

ತೊಗರಿನಾಡ್_ಹುಡುಗ

ರೀ ಅಕ್ಕಾರ, ಅಲ್ಲಿ ತೊಗರಿ ಅದ ಅಂತ ಕೇಳೀನಿ, ಖರೇನ?

ಹ್ಯೂಸ್ಟನ್_ಕನ್ನಡತಿ

ಖರೇನೇ ತಮ್ಮಾ. ಪಿಜನ್ ಪೀಸ್ ಅಂತಾರೆ, ಹಸಿ ಕಾಳೇ ಜಾಸ್ತಿ ಉಪಯೋಗ್ಸೋದು. ಪಿಲಾವ್ ಅಂತ ಅನ್ನ ಇದೆ, ಎಣ್ಣೆಲಿ ಸಕ್ಕರೆ ಹಾಕಿ ಅದು ಕಡುಕಂದು ಆಗಿ ನೊರೆ ಬರೋ ತನಕ ಸುಟ್ಟು, ಅದರಲ್ಲಿ ಕೋಳಿ ಹೊರಳಿಸಿ, ಅಕ್ಕಿ, ಹಸಿ ತೊಗರಿಕಾಳು, ತೆಂಗಿನಹಾಲು ಹಾಕಿ ಒಂದೇ ಪಾತ್ರೇಲಿ ಬೇಯಿಸ್ತಾರೆ. ಬೀಚಿಗೆ ಹೋಗೋ ಪ್ರತಿ ಮನೆಯವರ ಬುತ್ತಿ ಅದೇ. ಕೋಳಿ ಬಿಟ್ಟು ಬರೀ ತೊಗರಿಕಾಳಲ್ಲಿ ನಾನು ಈಗಲೂ ಇಲ್ಲಿ ಹ್ಯೂಸ್ಟನ್ ಮನೇಲಿ ಮಾಡ್ತೀನಿ.

ಕುಡ್ಲದ_ಪಿಲಿ

ಪ್ಯಾನ್ ಬಗ್ಗೆ ಇಷ್ಟು ಬರೆದ್ರಿ, ತಾಸೆಯ ಬಗ್ಗೆ ಯಾರೂ ಹೇಳ್ಲಿಲ್ಲ! ನಮ್ಮ ಹುಲಿವೇಷಕ್ಕೆ ತಾಸೆ ಡೋಲು ಹೊಡಿತಾರಲ್ಲ, ಅಲ್ಲಿಯೂ ಅದೇ ಹೆಸರಿನ ವಾದ್ಯ ಉಂಟು. ಮಣ್ಣಿನ ಬೋಗುಣಿಗೆ ಚರ್ಮ ಕಟ್ಟಿದ್ದು, ಹೊಡೆಯುವ ಮೊದಲು ಬೆಂಕಿಗೆ ಹಿಡಿದು ಬಿಗಿ ಮಾಡುದು. ನಾನು ವಿಡಿಯೋದಲ್ಲಿ ನೋಡಿ ಬೆಂಕಿಯ ಸುತ್ತ ನಿಂತ ಹುಡುಗರು ನಮ್ಮೂರಿನವರೇ ಅಂತ ಗ್ರಹಿಸಿದ್ದೆ. ಅಲ್ಲಿ ಹೋಸೇ ಅಂತ ಮೊಹರಂ ಮೆರವಣಿಗೆ ಆಗ್ತದೆ, ಕಾಗದ ಬಿದಿರಿನ ದೊಡ್ಡ ತಾಜಿಯಾ ಮಾಡಿ ಸೇಂಟ್ ಜೇಮ್ಸ್ ಬೀದಿಯಲ್ಲಿ ಎಳೀತಾರೆ, ಹಿಂದೂಗಳು ಆಫ್ರಿಕನ್ನರು ಎಲ್ಲಾ ಸೇರ್ತಾರೆ. 1884ರಲ್ಲಿ ಆ ಮೆರವಣಿಗೆ ಮೇಲೆ ಬ್ರಿಟಿಷರು ಗುಂಡು ಹಾರಿಸಿ ಜನ ಸತ್ತರು. ಆದ್ರೂ ನಿಲ್ಲಿಸ್ಲಿಲ್ಲ ಅವರು.

ಟೊರೊಂಟೊ_ಮೈಸೂರಿಗ

ತುಂಬಾ ಒಳ್ಳೇ ಮಾತು ನೆನಪಿಸಿದ್ರಿ. ನನ್ನ ಗೆಳೆಯನ ಚಿಕ್ಕಪ್ಪನ ಮನೇಲಿ ತಾಸೆ ಇತ್ತು, ಒಂದು ಸಂಜೆ ಅಂಗಳದಲ್ಲಿ ಒಣ ತೆಂಗಿನಗರಿ ಉರಿ ಹಾಕಿ ಕಾಯಿಸಿ ಬಾರಿಸಿದ್ರು. ಒಬ್ಬರು ಓಡು ಬಡಿತ, ಒಬ್ಬರು ನಿಧಾನ ಬಡಿತ, ದೊಡ್ಡ ಬೇಸ್ ಒಂದು, ಜೊತೆಗೆ ಝಾಂಜ್ ತಾಳ. ಪಕ್ಕದ ಮನೆಯ ಆಫ್ರಿಕನ್ ಹುಡುಗ ಬೇಲಿ ಹಾರಿ ಬಂದು ಝಾಂಜ್ ತಗೊಂಡ. ಸೋಕಾ ಅಂತ ಕಾರ್ನಿವಲ್ ಹಾಡು ಕೇಳ್ತೀವಲ್ಲ, ಅದು ಹುಟ್ಟಿದ್ದೂ ಹೀಗೇ. 1970ರ ದಶಕದ ಶುರುವಲ್ಲಿ ಲಾರ್ಡ್ ಶಾರ್ಟಿ ಅನ್ನೋರು, ಕಲಿಪ್ಸೋ ಅನ್ನೋ ಅಲ್ಲಿಯ ಹಳೇ ಹಾಡಿನ ಗಾಯಕರು, ಢೋಲಕ್ ಮತ್ತೆ ದಂತಾಲ್ ಅನ್ನೋ ಕಬ್ಬಿಣದ ಸರಳಿನ ತಾಳ ಸೇರಿಸಿ ಹೊಸ ನಡೆ ಕಟ್ಟಿದ್ರು. ಅವರು ಆಫ್ರಿಕನ್ ಮೂಲದವರು, ಬೆಳೆದದ್ದು ಇಂಡಿಯನ್ನರ ನಡುವೆ. ಇಂಡಿಯನ್ ಕಡೆಯಿಂದ ಸುಂದರ್ ಪೋಪೋ ಮದುವೆಮನೆ ಭೋಜ್‌ಪುರಿ ಹಾಡನ್ನ ಗಿಟಾರ್ ಜೊತೆ ಹಾಡಿ ಚಟ್ನಿ ಅಂತ ಹೆಸರಾದ ಅಲ್ಲಿಯ ಇಂಡಿಯನ್ನರ ಕುಣಿತದ ಸಂಗೀತಕ್ಕೆ ದಾರಿ ಮಾಡಿದ್ರು.

ಒಂದು ವಿಷಯ ನಾನು ಮನಸ್ಸು ಬಿಚ್ಚಿ ಹೇಳಬೇಕು. ನಮ್ಮವರು ಅಲ್ಲಿಗೆ ಹೋದ್ರೆ ದೇವಸ್ಥಾನ, ರೊಟ್ಟಿ, ನಮ್ಮವರ ಅಂಗಡಿ ಇಷ್ಟೇ ಹುಡುಕಿ ವಾಪಸ್ ಬರ್ತಾರೆ. ಅದರಲ್ಲೇನು ತಪ್ಪಿಲ್ಲ, ನಾನೂ ಹೋದೆ. ಕರಪಿಚೈಮಾದಲ್ಲಿ 85 ಅಡಿ ಹನುಮಂತನ ಮೂರ್ತಿ ಇದೆ, ಅದನ್ನ ಕಟ್ಟಿಸಿದ್ದು ನಮ್ಮ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿ, ಪಕ್ಕದ ದತ್ತ ದೇವಸ್ಥಾನದ ಗೋಪುರ ನೋಡಿದ್ರೆ ನಮ್ಮ ಕಡೆಗೇ ಬಂದ ಹಾಗಾಗುತ್ತೆ. ಹತ್ತಿರದಲ್ಲೇ ವಾಟರ್‌ಲೂ ಸಮುದ್ರ ದೇವಸ್ಥಾನ. ಸೇವದಾಸ್ ಸಾಧು ಅನ್ನೋ ಕೂಲಿ ಕೆಲಸದವರು ಸಕ್ಕರೆ ಕಂಪನಿ ಜಾಗದಲ್ಲಿ ಗುಡಿ ಕಟ್ಟಿದ್ರು ಅಂತ 1952ರಲ್ಲಿ ಅದನ್ನ ಕೆಡವಿ ಅವರನ್ನ 14 ದಿನ ಜೈಲಿಗೆ ಹಾಕಿದ್ರು, ನೆಲದ ಮೇಲೆ ತಾನೇ ಜಾಗ ಇಲ್ಲ ಅಂದ್ರು ಅಂತ ಅವರು ಸಮುದ್ರದೊಳಗೇ ಸೈಕಲ್ಲಲ್ಲಿ ಕಲ್ಲು ಸಿಮೆಂಟು ಸಾಗಿಸಿ ಎಷ್ಟೋ ವರ್ಷ ಒಬ್ಬರೇ ಕಟ್ಟಿದ್ರು. ಅಲ್ಲಿ ನಿಂತಾಗ ನನಗೆ ಪೋರ್ಟ್ ಆಫ್ ಸ್ಪೇನ್ ಅಂಚಿನ ಲಾವೆಂಟಿಲ್ ಗುಡ್ಡದ ಪ್ಯಾನ್ ಯಾರ್ಡೇ ನೆನಪಾಯ್ತು. ಬಾರಿಸಬೇಡ ಅಂದಾಗ ಪೀಪಾಯಿ ಬಾರಿಸಿದೋರು ಒಂದು ಕಡೆ, ಕಟ್ಟಬೇಡ ಅಂದಾಗ ನೀರಲ್ಲಿ ಕಟ್ಟಿದೋರು ಇನ್ನೊಂದು ಕಡೆ. ಒಂದನ್ನ ನೋಡಿ ಇನ್ನೊಂದನ್ನ ಬಿಟ್ಟು ಬಂದ್ರೆ ಅರ್ಧ ಊರು ನೋಡಿದ ಹಾಗೆ.

ವಿಶಿ_ಸ್ಕ್ವೇರ್‌ಕಟ್

ಕ್ವೀನ್ಸ್ ಪಾರ್ಕ್ ಓವಲ್ ಕ್ರಿಕೆಟ್ ಮೈದಾನಕ್ಕೆ ಹೋಗದೆ ಬಂದಿದ್ರೆ ನಿಮ್ಮನ್ನ ಕ್ಷಮಿಸಲ್ಲ! 1976ರ ಏಪ್ರಿಲ್, ವೆಸ್ಟ್ ಇಂಡೀಸ್ ಮೇಲಿನ ಟೆಸ್ಟ್, ಗೆಲ್ಲೋಕೆ 403, ನಮ್ಮವರು 4 ವಿಕೆಟ್‌ಗೆ 406. ಗವಾಸ್ಕರ್ 102, ನಮ್ಮ ವಿಶಿ ಅಂದ್ರೆ ಜಿ.ಆರ್. ವಿಶ್ವನಾಥ್ 112, ಬ್ರಿಜೇಶ್ ಪಟೇಲ್ ಔಟಾಗದೆ 49, ಮೊದಲ ಇನಿಂಗ್ಸಲ್ಲಿ ಚಂದ್ರಶೇಖರ್ 6 ವಿಕೆಟ್. ನಮ್ಮಪ್ಪ ರೇಡಿಯೋ ಸುದ್ದೀಲಿ ಕೇಳಿದ್ದನ್ನ ಈಗಲೂ ಹೇಳ್ತಾರೆ.

ಟೊರೊಂಟೊ_ಮೈಸೂರಿಗ

ಹೋಗಿದ್ದೆ ಸಾರ್, ಮ್ಯಾಚ್ ಇರಲಿಲ್ಲ, ಗೇಟಲ್ಲಿದ್ದ ಹಿರಿಯರು ಒಳಗೆ ಬಿಟ್ರು. ಹಿಂದೆ ಹಸಿರು ಬೆಟ್ಟದ ಸಾಲು, ಅಂಚಲ್ಲಿ ಸಮಾನ್ ಮರ, ನಮ್ಮ ಕಬ್ಬನ್ ಪಾರ್ಕಿನ ಮಳೆಮರವೇ ಅದು. ಮೈಸೂರಿಂದ ಅಂದೆ, ಅವರಿಗೆ ಗೊತ್ತಾಗಲಿಲ್ಲ, ವಿಶ್ವನಾಥ್ ರಾಜ್ಯ ಅಂದೆ, ಬ್ಯಾಟ್ ಹಿಡಿದ ಹಾಗೆ ಕೈ ಮಾಡಿ ಸ್ಕ್ವೇರ್ ಕಟ್ ತೋರಿಸಿದ್ರು.

ಬಸವನಗುಡಿ_ಬಿಸಿಬೇಳೆ

ಸೇಫ್ಟಿ ಹೇಗೆ? ಗೂಗಲ್ ಮಾಡಿದ್ರೆ ಬರೀ ಕ್ರೈಮ್ ಸುದ್ದಿ ಬರ್ತಿದೆ.

ಹ್ಯೂಸ್ಟನ್_ಕನ್ನಡತಿ

ಸುಳ್ಳು ಹೇಳಲ್ಲ, ಸಮಸ್ಯೆ ಇದೆ. ಗ್ಯಾಂಗ್ ಕೊಲೆಗಳು ಜಾಸ್ತಿಯಾಗಿ 2024ರ ಡಿಸೆಂಬರ್ ಕೊನೇಲಿ ಸರ್ಕಾರ ತುರ್ತುಸ್ಥಿತಿನೇ ಘೋಷಿಸಿತ್ತು. ಹೋಗೋ ಮುಂಚೆ ಆಗಿನ ಪರಿಸ್ಥಿತಿ ನೋಡ್ಕೊಳ್ಳಿ. ರಾತ್ರಿ ಎಲ್ಲಿಗೂ ನಡ್ಕೊಂಡು ಹೋಗಬೇಡಿ, ಉಳ್ಕೊಳ್ಳೋ ಮನೆಯವರು ಹೇಳಿದ ಡ್ರೈವರ್ ಜೊತೆ ಹೋಗಿ, ಚಿನ್ನ ಮನೇಲೇ ಬಿಡಿ. ಮಕ್ಕಳು ಜೊತೆಲಿದ್ರೆ ನಾಲ್ಕು ದಿನ ಅದೇ ದೇಶದ ಇನ್ನೊಂದು ದ್ವೀಪ ಟೊಬೇಗೋಗೆ ಇಡಿ, ಪ್ಲೇನಲ್ಲಿ ಅರ್ಧ ಗಂಟೆ ಸಾಕು. ಬಕೂ ರೀಫ್ ಹತ್ರ ನೈಲಾನ್ ಪೂಲ್ ಅಂತ, ಸಮುದ್ರದ ನಡುವೆ ಸೊಂಟದಷ್ಟು ನೀರು, ದೋಣಿಯಿಂದ ಇಳಿದು ನಿಂತ್ಕೋಬಹುದು. ಆ ದ್ವೀಪದ ಬೆಟ್ಟದ ಕಾಡಿಗೆ 1776ರಲ್ಲೇ ಕಾನೂನು ರಕ್ಷಣೆ ಸಿಕ್ಕಿದೆ. ಮತ್ತೆ ಕರೋನಿ ಜೌಗು ಮಾತ್ರ ಮರೀಬೇಡಿ.

ಟೊರೊಂಟೊ_ಮೈಸೂರಿಗ

ಕರೋನಿ! ನಾಲ್ಕು ಗಂಟೆಗೆ ದೋಣಿ ಹತ್ತಿದ್ವಿ, ಕಾಂಡ್ಲಾ ಕಾಡಿನ ಸಂದೀಲಿ ಹೋಗಿ ಒಂದು ಅಗಲದ ನೀರಲ್ಲಿ ಎಂಜಿನ್ ಆಫ್ ಮಾಡಿದ್ರು. ದೂರದಲ್ಲಿ ಹಸಿರು ನಡುಗಡ್ಡೆ. ಐದೂವರೆ ಆದ್ಮೇಲೆ ಮೂರು ಹಕ್ಕಿ ಬಂತು, ಆಮೇಲೆ ಹತ್ತು, ಆಮೇಲೆ ಸಾಲು ಸಾಲು, ಸ್ಕಾರ್ಲೆಟ್ ಐಬಿಸ್. ಕೊಕ್ಕರೆ ಗಾತ್ರ, ಮೈಯೆಲ್ಲಾ ಕುಂಕುಮದ ಕೆಂಪು. ಮರಿಗಳು ಕಂದು ಇರ್ತವಂತೆ, ಏಡಿ ಸಿಗಡಿ ತಿಂದು ತಿಂದು ಕೆಂಪಾಗ್ತವೆ. ಅರ್ಧ ಗಂಟೆಲಿ ಆ ಹಸಿರು ಮರಗಳ ಮೇಲೆ ದಾಸವಾಳ ಬಿಟ್ಟ ಹಾಗಾಯ್ತು. ದೋಣೀಲಿ ಮೂವತ್ತು ಜನ ಇದ್ದೋರು ಒಬ್ಬರೂ ಮಾತಾಡಲಿಲ್ಲ.

ಇನ್ನೊಂದು ಹೇಳ್ಬೇಕು. ಗೆಳೆಯನ ಮನೇಲಿ ಅವರ ತಂದೆಯ ತಾಯಿ ಇದಾರೆ, ಎಂಬತ್ತೆಂಟು ವರ್ಷ. ನನಗೆ ಗೊತ್ತಿಲ್ಲದೇ ಬಾಯಿಗೆ ಬಂದ ಹಾಗೆ ಅಜ್ಜಿ ಅಂತ ಕರೆದೆ, ಅವರು ಹೂಂ ಅಂತ ತಿರುಗಿ ನೋಡಿದ್ರು. ಅಲ್ಲಿ ತಂದೆ ಕಡೆ ಅಜ್ಜಿಗೆ ಆಜಿ ಅಂತಲೇ ಅನ್ನೋದು! ಶನಿವಾರ ಅವರು ಸಹೀನಾ ಮಾಡಿದ್ರು, ಕೆಸುವಿನ ಎಲೆಗೆ ಬೇಳೆ ಹಿಟ್ಟು ಹಚ್ಚಿ ಸುರುಳಿ ಸುತ್ತಿ ಬಿಲ್ಲೆ ಕತ್ತರಿಸಿ ಕರಿಯೋದು. ನಮ್ಮ ಕಡೆ ಪತ್ರೊಡೆ ಅಂತ ಅಕ್ಕೀಲಿ ಮಾಡ್ತಾರೆ ಅಂದೆ. ಅಕ್ಕೀಲಿ ಹೇಗೆ, ಬರೆದು ಕಳಿಸು ಅಂತ ಹಟ ಹಿಡಿದಿದಾರೆ. ಪುತ್ತೂರಿನವರೇ, ಸಹಾಯ ಮಾಡಿ.

ಪುತ್ತೂರು_ತೋಟದವ

ಅಮ್ಮನ ಹತ್ರ ಕೇಳಿಯೇ ಬರೆಯುದು. ಬೆಳ್ತಿಗೆ ಅಕ್ಕಿ ನಾಲ್ಕು ಗಂಟೆ ನೆನೆಸಿ. ಒಣಮೆಣಸು, ಕೊತ್ತಂಬರಿ ಬೀಜ, ಸ್ವಲ್ಪ ತೆಂಗಿನತುರಿ, ಅರಶಿನ, ಬೆಲ್ಲ, ಉಪ್ಪು, ಹುಣಸೆಹುಳಿ ಸೇರಿಸಿ ತರಿತರಿಯಾಗಿ ಕಡೀರಿ, ನೀರು ಕಮ್ಮಿ. ಹುಳಿ ಮಾತ್ರ ಧಾರಾಳ ಬೇಕು, ಇಲ್ಲದಿದ್ರೆ ಗಂಟಲು ತುರಿಸ್ತದೆ. ಎಲೆಯ ಬೆನ್ನು ಮೇಲೆ ಮಾಡಿ ಹಿಟ್ಟು ಹಚ್ಚುದು, ಅದರ ಮೇಲೆ ಇನ್ನೊಂದು ಎಲೆ, ಹೀಗೆ ನಾಲ್ಕೈದು, ಅಂಚು ಮಡಚಿ ಸುರುಳಿ. ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಬೇಕು. ತಣಿದ ಮೇಲೆ ಕತ್ತರಿಸಿ, ತೆಂಗಿನೆಣ್ಣೆ ಹಾಕಿ ಕಾವಲಿಯಲ್ಲಿ ಕಾಯಿಸಿ. ಆಜಿಗೆ ನಮ್ಮ ಅಮ್ಮನ ನಮಸ್ಕಾರ ಹೇಳಿ.

ಟೊರೊಂಟೊ_ಮೈಸೂರಿಗ

ಎರಡು ವಾರ ಆದ್ಮೇಲೆ ಬರೀತಿದೀನಿ. ಇಂಗ್ಲಿಷಲ್ಲಿ ಬರೆದು ಕಳಿಸಿದ್ದೆ, ನಿನ್ನೆ ವಿಡಿಯೋ ಕಾಲ್ ಮಾಡಿ ತೋರಿಸಿದ್ರು. ಒಣಮೆಣಸಿನ ಬದಲು ಅವರ ಹಿತ್ತಲ ಹಸಿಮೆಣಸೇ ಹಾಕಿದಾರೆ, ಜೊತೆಗೆ ಶ್ಯಾಡೋ ಬೆನಿ. ಅರ್ಧ ಕಾವಲಿಯಲ್ಲಿ ಕಾಯಿಸಿದ್ದು, ಅರ್ಧ ಎಣ್ಣೇಲಿ ಕರಿದಿದ್ದು. ಕರಿದಿದ್ದು ಮೊದಲೇ ಖಾಲಿಯಂತೆ. ಪುತ್ತೂರಿನ ಅಮ್ಮನಿಗೆ ಹೇಳು, ಹುಳಿ ಸರಿಯಾಗಿತ್ತು, ಗಂಟಲು ತುರಿಸಲಿಲ್ಲ ಅಂದ್ರು.